ಗಂಡ ಮನೆಯಲ್ಲಿಲ್ಲ ಎಂಬುದಕ್ಕೆ ಸಾಕ್ಷಿ

ನನ್ನ ಗಂಡ ಮನೆ ಬಿಟ್ಟು ಹೋಗಿದ್ದಾರೆ ಎಂದು ಎರಡು ಸಾಲು ಬರೆದುಕೊಡಲು ಇಡೀ ಹ್ಯಾಮಿಲ್ಟನ್ನಿನಲ್ಲಿ ಒಬ್ಬ ಕನ್ನಡಿಗರೂ ಸಿಗಲಿಲ್ಲ. ಇದೇ ಜನ ಎರಡು ವರ್ಷದಿಂದ ಆ ವಿಷಯವನ್ನು ಕಾಫಿಯ ಜೊತೆ, ಚಿತ್ರಾನ್ನದ ಜೊತೆ, ಮಕ್ಕಳ ಈಜಿನ ಕ್ಲಾಸಿನ ಹೊರಗೆ ಕಾರಿನ ಬಾಗಿಲು ಅರ್ಧ ತೆಗೆದುಕೊಂಡು ಮಾತಾಡಿದ್ದರು. ನಾನು ಹತ್ತಿರ ಬಂದರೆ ಮಾತು ಮಳೆಯ ಕಡೆಗೋ ಮನೆ ಸಾಲದ ಬಡ್ಡಿಯ ಕಡೆಗೋ ತಿರುಗುತ್ತಿತ್ತು. ಬರೆದುಕೊಡಿ ಎಂದು ಕೇಳಿದ ದಿನ ಮಾತ್ರ ಎಲ್ಲರಿಗೂ ನನ್ನ ಸಂಸಾರದ ಮೇಲೆ ಎಲ್ಲಿಲ್ಲದ ಗೌರವ ಬಂದುಬಿಟ್ಟಿತು.

ಮೊದಲಿನಿಂದ ಹೇಳುತ್ತೇನೆ. ನಾನು ಹಾಲು ಪರೀಕ್ಷಿಸುವ ಲ್ಯಾಬಿನಲ್ಲಿ ವಾರಕ್ಕೆ ನಾಲ್ಕು ದಿನ ಕೆಲಸ ಮಾಡುತ್ತೇನೆ. ಅವರಿಗೆ ಆಕ್ಲೆಂಡಿನಲ್ಲಿ ಸಾಫ್ಟ್‌ವೇರ್ ಕೆಲಸ. ಬಿಟ್ಟುಹೋದ ಮೇಲೂ ‘ಅವರು’ ಎನ್ನುವುದು ನನಗೆ ತಪ್ಪಿಲ್ಲ, ಮೈಸೂರಿನಲ್ಲಿ ಕಲಿತ ಅಭ್ಯಾಸ, ಮರ್ಯಾದೆ ಅಂತ ಯಾರೂ ತಿಳಿಯಬೇಡಿ. ವಾರವೆಲ್ಲ ಅಲ್ಲಿನ ಬಾಟನಿ ಡೌನ್ಸ್‌ನಲ್ಲಿ ಯಾರದೋ ಫ್ಲಾಟಿನ ಒಂದು ರೂಮಿನಲ್ಲಿದ್ದು ಶುಕ್ರವಾರ ಸಂಜೆ ಮನೆಗೆ ಬರುತ್ತಿದ್ದರು. ಇಲ್ಲಿ ಅರ್ಧ ಸಂಸಾರಗಳು ನಡೆಯುವುದೇ ಹಾಗೆ. ಆಮೇಲೆ ಶುಕ್ರವಾರ ಶನಿವಾರವಾಯಿತು, ಶನಿವಾರ ಹದಿನೈದು ದಿನಕ್ಕೊಮ್ಮೆಯಾಯಿತು. ಎರಡು ವರ್ಷದ ಹಿಂದೆ, ಯುಗಾದಿ ಕಳೆದ ವಾರ, ಅಡುಗೆಮನೆಯಲ್ಲಿ ನಿಂತು, ‘ನಂಗೆ ಇನ್ನು ಆಗಲ್ಲ, ಇದನ್ನ ಇಲ್ಲಿಗೆ ನಿಲ್ಸೋಣ’ ಅಂದರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ನಾನು ಒಗ್ಗರಣೆ ಹಾಕಿ, ಊಟ ಬಡಿಸಿದೆ. ಅವರು ಉಂಡು, ಎರಡು ಸೂಟ್‌ಕೇಸು ತೆಗೆದುಕೊಂಡು ಹೋದರು. ಉಣ್ಣಲು ಯಾಕೆ ಬಿಟ್ಟೆ ಎಂದು ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.

ಈ ದೇಶದಲ್ಲಿ ಕಡಿಮೆ ಸಂಬಳದವರ ಮನೆಯಲ್ಲಿ ಮಕ್ಕಳಿದ್ದರೆ, ತೆರಿಗೆ ಇಲಾಖೆ ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಹಣ ಹಾಕುತ್ತದೆ. ಟ್ಯಾಕ್ಸ್ ಕ್ರೆಡಿಟ್ ಎನ್ನುತ್ತಾರೆ. ಗಂಡ ಹೆಂಡತಿ ಜೊತೆಗಿದ್ದರೆ ಇಬ್ಬರ ಸಂಬಳ ಸೇರಿಸಿ ನೋಡುತ್ತಾರೆ; ತಾಯಿ ಒಬ್ಬಳೇ ಆದರೆ ಅವಳ ಸಂಬಳ ಮಾತ್ರ. ಅವರು ಹೋದ ತಿಂಗಳು ನಾನು ಆನ್‌ಲೈನಿನಲ್ಲಿ ‘ಬೇರೆಯಾಗಿದ್ದೇವೆ’ ಎಂಬ ಚೌಕದಲ್ಲಿ ಗುರುತು ಹಾಕಿದೆ. ಹಣ ಬರಲು ಶುರುವಾಯಿತು. ನನ್ನ ಸಂಬಳದಲ್ಲಿ ಬಾಡಿಗೆ ಕಟ್ಟಿದರೆ ಉಳಿಯುವುದು ಅಷ್ಟಕ್ಕಷ್ಟೇ, ಈ ಹಣದಲ್ಲೇ ಮಗಳ ಬೂಟು, ಕಾರಿನ ಪೆಟ್ರೋಲು, ಚಳಿಗಾಲದ ಹೀಟರಿನ ಬಿಲ್ಲು ನಡೆಯುತ್ತಿತ್ತು. ಮಾರ್ಚ್ ಮುಗಿದ ಮೇಲೆ ವರ್ಷದ ಆದಾಯ ತಾಳೆ ನೋಡಿ, ಹೆಚ್ಚು ಕೊಟ್ಟಿದ್ದರೆ ವಾಪಸ್ ಕೇಳುತ್ತಾರೆಂದು ಗೊತ್ತಿತ್ತು. ನನಗೇನು ಭಯ, ನಾನು ಸುಳ್ಳು ಹೇಳಿರಲಿಲ್ಲವಲ್ಲ ಎಂದುಕೊಂಡಿದ್ದೆ.

ಸರ್ಕಾರಕ್ಕೆ ಸುಳ್ಳು ಹೇಳಿರಲಿಲ್ಲ, ನಿಜ. ಉಳಿದವರಿಗೆಲ್ಲ ಹೇಳಿದ್ದೆ.

ಆ ಮೊದಲ ವರ್ಷವೇ ನನ್ನ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿಕೊಂಡಿತು. ನೋವು ಬಂದರೆ ಬಚ್ಚಲಿನ ನೆಲದ ಮೇಲೆ ಮಡಚಿಕೊಂಡು ಮಲಗುತ್ತಿದ್ದೆ, ಮಗಳು ಬಾಗಿಲ ಹೊರಗೆ ನಿಂತು, ‘ಆರ್ ಯೂ ಓಕೆ, ಅಮ್ಮ?’ ಎಂದು ಕೇಳುತ್ತಿದ್ದಳು. ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನನ್ನ ಸರದಿ ಯಾವಾಗ ಬರುತ್ತದೆಂದು ಕೇಳಿದರೆ ಯಾರೂ ತಿಂಗಳು ಹೇಳುತ್ತಿರಲಿಲ್ಲ. ಅವರ ಕಂಪನಿಯ ಹೆಲ್ತ್ ಇನ್ಶೂರೆನ್ಸಿನಲ್ಲಿ ನನ್ನ ಹೆಸರು ಇನ್ನೂ ಇತ್ತು. ಹೆಂಡತಿ, ಮಗಳು ಇಬ್ಬರದೂ ಪ್ರೀಮಿಯಂ ಅವರ ಸಂಬಳದಿಂದ ಹೋಗುತ್ತಿತ್ತು. ಫೋನಿನಲ್ಲಿ ಅವರೇ ಹೇಳಿದರು, ‘ಆಪರೇಷನ್ ಆಗೋವರ್ಗೂ ಹೆಸ್ರು ಇರ್ಲಿ ಬಿಡು. ತೆಗ್ಸಿದ್ರೆ ನಿಂಗೇ ಕಷ್ಟ.’ ಒಪ್ಪಿಕೊಂಡೆ. ಅವರು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದು, ಕೊನೆಗೆ ನನ್ನ ಕುತ್ತಿಗೆಗೆ ಬಂದದ್ದೂ ಅದೇ. ಖಾಸಗಿ ಆಸ್ಪತ್ರೆಯಲ್ಲಿ ಕಲ್ಲು ತೆಗೆದರು. ಫಾರಂನಲ್ಲಿ ‘ಸಂಗಾತಿ’ ಎಂಬಲ್ಲಿ ಅವರ ಹೆಸರಿತ್ತು, ನಾನೇ ಸಹಿ ಹಾಕಿದ್ದೆ.

ಇನ್ನು ಸತ್ಯನಾರಾಯಣ ಪೂಜೆ. ನಮ್ಮ ಕನ್ನಡದ ಗುಂಪಿನಲ್ಲಿ ಎಲ್ಲರಿಗೂ ಹಿರಿಯರಾದ ಒಬ್ಬ ಆಂಟಿ ಇದ್ದಾರೆ. ಪ್ರತಿ ವರ್ಷ ಅವರ ಮನೆಯಲ್ಲಿ ಪೂಜೆ, ಪ್ರತಿ ವರ್ಷ ಒಂದು ದಂಪತಿಯನ್ನು ಕೂರಿಸುತ್ತಾರೆ. ಆ ವರ್ಷ ನಮ್ಮ ಸರದಿ ಎಂದು ಗಂಡ ಮನೆ ಬಿಡುವ ಮೊದಲೇ ಆಂಟಿ ಹೇಳಿ ಆಗಿತ್ತು. ‘ಇವರು ಬರಲ್ಲ ಆಂಟಿ, ನಾವು ಈಗ ಜೊತೆಗಿಲ್ಲ’ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಗಂಡನಿಗೆ ಫೋನ್ ಮಾಡಿ, ಒಂದು ದಿನ ಬಂದು ಕೂತು ಹೋಗಿ ಎಂದು ಕಾಡಿದೆ, ಬೇಡಿದೆ. ಆಕ್ಲೆಂಡಿನಿಂದ ಪಂಚೆ ತಂದುಕೊಂಡು ಬಂದರು. ಪಕ್ಕಪಕ್ಕ ಕೂತು ಸಂಕಲ್ಪ ಮಾಡಿದೆವು. ಅವರ ಶಲ್ಯಕ್ಕೆ ನನ್ನ ಸೆರಗು ಗಂಟು ಹಾಕಿದ್ದರು. ಐವತ್ತು ಜನ ಫೋಟೋ ತೆಗೆದರು, ಗುಂಪಿನ ಫೇಸ್‌ಬುಕ್ ಪುಟದಲ್ಲಿ ನಾವಿಬ್ಬರೂ ಮಂಗಳಾರತಿಯ ಬೆಳಕಿನಲ್ಲಿ ನಗುತ್ತಿದ್ದೆವು. ಪ್ರಸಾದ ತಿಂದು ಅವರು ಆಕ್ಲೆಂಡಿಗೆ ಹೋದರು. ನಾನು ಸಪಾದದ ಡಬ್ಬಿ ಹಿಡಿದುಕೊಂಡು ಮನೆಗೆ ಬಂದೆ.

ಈ ವರ್ಷ ಜೂನಿನಲ್ಲಿ, ಇಲ್ಲಿನ ಚಳಿಗಾಲ ಶುರುವಾಗುವಾಗ, ತೆರಿಗೆ ಇಲಾಖೆಯ ಪತ್ರ ಬಂತು. ನಿಮ್ಮ ವೈವಾಹಿಕ ಸ್ಥಿತಿಯನ್ನು ಪರಿಶೀಲಿಸುತ್ತಿದ್ದೇವೆ, ಫೋನ್ ಮಾಡಿ ಅಂತ. ಗಂಡನ ಬ್ಯಾಂಕಿನ ಕಾಗದ, ಕಾರಿನ ಕಾಗದ ಎಲ್ಲವೂ ಇನ್ನೂ ನನ್ನ ವಿಳಾಸಕ್ಕೇ ಬರುತ್ತಿದ್ದವು, ಬಾಡಿಗೆಯ ಕರಾರಿನಲ್ಲೂ ಇಬ್ಬರ ಹೆಸರೇ ಇತ್ತು. ಫ್ಲಾಟಿನಲ್ಲಿ ರೂಮು ಹಿಡಿದವರಿಗೆ ವಿಳಾಸ ಬದಲಿಸುವ ಪುರುಸೊತ್ತು ಎಲ್ಲಿ? ಊಟದ ಬಿಡುವಿನಲ್ಲಿ ಕಾರಿನೊಳಗೆ ಕೂತು ಫೋನ್ ಮಾಡಿದೆ. ಎತ್ತಿದ ಹುಡುಗಿಯ ದನಿಯಲ್ಲಿ ಬೆಣ್ಣೆ. ಮಾತಿಗೊಮ್ಮೆ ‘ನೋ ವರೀಸ್’, ‘ಸ್ವೀಟ್ ಆಸ್’, ಎಲ್ಲ ಸರಿಯಿದೆ ಎನ್ನುವ ಇಲ್ಲಿನ ರೂಢಿ. ನಾನು ಅವಳ ಮೇಲೆ ರೇಗಲಿಕ್ಕೂ ಆಗದ ಹಾಗೆ ಒಂದೊಂದೇ ಪ್ರಶ್ನೆ ಕೇಳಿದಳು. ಇಬ್ಬರಿಗೂ ಸೇರಿದ ಇನ್ಶೂರೆನ್ಸ್ ಏನಾದರೂ ಇತ್ತಾ? ಇತ್ತು, ಹೆಲ್ತ್ ಇನ್ಶೂರೆನ್ಸ್. ಪ್ರೀಮಿಯಂ ಯಾರು ಕಟ್ಟುತ್ತಿದ್ದರು? ಅವರು. ಅದರಲ್ಲಿ ನಿಮ್ಮ ಹೆಸರು ಏನಾಗಿ ಇತ್ತು? ಅವರ ಹೆಂಡತಿಯಾಗಿ. ‘ನೋ ವರೀಸ್.’ ನಿಮ್ಮ ಸಮುದಾಯದ ಕಾರ್ಯಕ್ರಮಗಳಿಗೆ ಜೊತೆಯಾಗಿ ಹೋಗುತ್ತಿದ್ದಿರಾ?

ಇಲ್ಲ ಎಂದುಬಿಡಬಹುದಿತ್ತು. ಆದರೆ ಫೋಟೋ ಫೇಸ್‌ಬುಕ್ಕಿನಲ್ಲಿತ್ತು, ಜೊತೆಗೆ ನನ್ನಪ್ಪ ಕಲಿಸಿದ ಸತ್ಯದ ಪಾಠ ಬೇರೆ. ಒಂದು ಪೂಜೆಗೆ ಹೋಗಿದ್ದೆವು ಅಂದೆ. ಎಂಥ ಪೂಜೆ ಎಂದು ಕುತೂಹಲದಿಂದ ಕೇಳಿದಳು. ಗಂಡ ಹೆಂಡತಿ ಒಟ್ಟಿಗೆ ಕೂತು ಮಾಡುವ ಪೂಜೆ ಎಂದು ವಿವರಿಸಿದೆ. ‘ಓ, ಲವ್ಲಿ,’ ಅಂದಳು. ಆಮೇಲೆ ಕೀಲಿಮಣೆಯ ಸದ್ದು ಕೇಳಿಸಿತು. ‘ಅಂದರೆ ನಿಮ್ಮ ಸಮುದಾಯದ ಮುಂದೆ ನೀವು ದಂಪತಿ ಎಂದೇ ತೋರಿಸಿಕೊಂಡಿರಿ, ಅಲ್ವಾ?’ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೌದು, ತೋರಿಸಿಕೊಂಡಿದ್ದೆವು. ನಾನು ಆ ಪೂಜೆಗೆ ಕೂತಿದ್ದೇ ಅದಕ್ಕೆ.

ಎರಡು ವರ್ಷದ ಹಣ ಸೇರಿದರೆ ಹದಿನೇಳು ಸಾವಿರ ಡಾಲರು. ನಾವು ಬೇರೆ ಇದ್ದೆವೆಂದು ಇಲಾಖೆಗೆ ಮನವರಿಕೆಯಾಗದಿದ್ದರೆ ಅಷ್ಟೂ ವಾಪಸ್ ಕೊಡಬೇಕು. ನನ್ನನ್ನು ಬಲ್ಲ ಇಬ್ಬರು, ಯಾವಾಗಿನಿಂದ ಬೇರೆ ಇದ್ದೇವೆ ಎಂದು ತಮಗೆ ಗೊತ್ತು ಎಂಬುದನ್ನು ಬರೆದು ಸಹಿ ಮಾಡಿ ಕೊಟ್ಟರೆ ಪರಿಗಣಿಸುತ್ತೇವೆ ಎಂದಳು. ನನಗೆ ನಗು ಬಂತು. ಇಬ್ಬರೇನು, ಐವತ್ತು ಜನರಿಗೆ ಗೊತ್ತು, ಬೇಕಾದರೆ ಗಂಟೆ ನಿಮಿಷದ ಸಮೇತ ಹೇಳುತ್ತಾರೆ ಅಂದುಕೊಂಡೆ.

ಮೊದಲು ಆಂಟಿಯ ಮನೆಗೆ ಹೋದೆ. ಕಾಫಿ ಕೊಟ್ಟರು, ಕೋಡುಬಳೆ ಕೊಟ್ಟರು. ವಿಷಯ ಹೇಳಿದ ಕೂಡಲೇ ಕೈ ಹಿಂದಕ್ಕೆ ಎಳೆದುಕೊಂಡರು. ‘ಅಂಥ ಮಾತು ನನ್ನ ಕೈಲಿ ಬರೆಸ್ಬೇಡ ಕಣಮ್ಮ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಬರೆದ್ರೆ ಅದೇ ನಿಜ ಆಗ್ಬಿಡತ್ತೆ.’

‘ಈಗಾಗ್ಲೇ ನಿಜ ಆಂಟಿ. ಎರಡು ವರ್ಷ ಆಯ್ತು. ನಿಮಗೆ ಗೊತ್ತಿರ್ಲಿಲ್ವಾ?’

‘ಗೊತ್ತಿತ್ತಪ್ಪ, ಯಾಕೆ ಗೊತ್ತಿರಲ್ಲ. ಪೂಜೆಗೆ ಕೂರೋ ಹೊತ್ತಿಗೇ ಗೊತ್ತಿತ್ತು. ಕೂತ್ರೆ ದೇವ್ರೇ ಒಂದು ಮಾಡ್ತಾನೆ ಅಂತ ಕೂರ್ಸಿದೆ.’

ಕಚ್ಚಿದ್ದ ಕೋಡುಬಳೆಯನ್ನು ತಟ್ಟೆಗೆ ಇಟ್ಟೆ. ಅಂದರೆ ಆ ದಿನ ನಾನು ಮುಚ್ಚಿಡಲು ಪಟ್ಟ ಪಾಡೆಲ್ಲ ಆ ಮನೆಯಲ್ಲಿ ಎಲ್ಲರಿಗೂ ಗೊತ್ತೇ ಇತ್ತು. ನಾನು ಅವರಿಗಾಗಿ ನಟಿಸಿದೆ, ಅವರು ನನಗಾಗಿ ನಂಬಿದಂತೆ ನಟಿಸಿದರು. ಅದಕ್ಕೆ ಬಿಲ್ಲು ಬಂದಿದ್ದು ಮಾತ್ರ ನನ್ನೊಬ್ಬಳ ಹೆಸರಿಗೆ. ಹೊರಡುವಾಗ ಆಂಟಿ ಕುಂಕುಮ ಕೊಡಲು ಬಟ್ಟಲು ತಂದರು. ‘ಬೇಡ ಆಂಟಿ, ಮೊದಲು ಬರೆದುಕೊಡಿ, ಆಮೇಲೆ ಇಟ್ಟುಕೊಳ್ತೀನಿ’ ಅಂದೆ. ಜೀವಮಾನದಲ್ಲಿ ಒಬ್ಬ ಹಿರಿಯರಿಗೆ ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತರು, ನಾನು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ.

ಉಳಿದವರದೂ ಅದೇ ಹಾಡು, ರಾಗ ಬೇರೆ. ನನ್ನ ಆಪರೇಷನ್ನಿನ ದಿನ ಮಗಳನ್ನು ಸ್ಕೂಲಿನಿಂದ ಕರೆತಂದ ಗೆಳತಿಯೊಬ್ಬಳು, ನಾಳೆ ನೀವಿಬ್ರೂ ಒಂದಾದ್ರೆ ನಾವು ಕೆಟ್ಟವರಾಗ್ತೀವಿ ಎಂದು ವಾಟ್ಸಾಪಿನಲ್ಲಿ ಬರೆದು, ಕೆಳಗೆ ಮೂರು ಮುಗಿದ ಕೈ ಹಾಕಿದಳು. ಇನ್ನೊಬ್ಬರ ಗಂಡನಿಗೆ ಸರ್ಕಾರದ ಕಾಗದದಲ್ಲಿ ಹೆಸರು ಬಂದರೆ ಪೌರತ್ವಕ್ಕೆ ತೊಂದರೆಯಾಗುತ್ತದೆ ಎಂಬ ಅನುಮಾನ. ಯಾರೂ ಕೆಟ್ಟವರಲ್ಲ, ಸಾಯುವಷ್ಟು ಕಾಯಿಲೆ ಬಿದ್ದರೆ ಸರದಿಯ ಮೇಲೆ ಅನ್ನ ಸಾರು ತಂದುಕೊಡುವವರೇ. ಅದನ್ನು ನೆನೆದರೆ ಸಿಟ್ಟು ಇನ್ನಷ್ಟು ಏರುತ್ತಿತ್ತು.

ಗಂಡನಿಗೇ ಫೋನ್ ಮಾಡಿದೆ. ‘ನೀವೇ ಬರ್ಕೊಡಿ. ನೀವು ಹೋಗಿದ್ದು ನಿಮಗೆ ಗೊತ್ತಿರತ್ತಲ್ಲ.’

‘ಬರಿತೀನಿ. ಟೆಂಪರರಿಯಾಗಿ ದೂರ ಇದೀವಿ ಅಂತ ಬರೀಲಾ?’

‘ಎರಡು ವರ್ಷ ಟೆಂಪರರೀನಾ?’

‘ಸುಮ್ನೆ ಯಾಕೆ ಅಷ್ಟು ಕಟುವಾಗಿ ಬರಿಯೋದು ಅಂತ.’

ನಾನು ಫೋನಿಟ್ಟೆ. ಬಿಟ್ಟುಹೋಗುವುದು ಕಟು ಎನ್ನಿಸದ ಮನುಷ್ಯನಿಗೆ ಬರೆಯುವಾಗ ನಯ ಬೇಕಾಗಿತ್ತು. ಮೂರು ದಿನದ ಮೇಲೆ ಅವರ ಪತ್ರ ಬಂತು. ಅದರಲ್ಲಿ ‘ಸದ್ಯಕ್ಕೆ’ ಎಂಬ ಮಾತು ಎರಡು ಸಲ ಇತ್ತು. ಅದನ್ನು ಇಲಾಖೆಗೆ ಕಳಿಸುವುದಕ್ಕಿಂತ ಒಲೆಗೆ ಹಾಕುವುದು ಮೇಲು ಎನ್ನಿಸಿತು.

ಕೊನೆಗೆ ಬರೆದವರು ಇಬ್ಬರು. ಒಬ್ಬರು ನನ್ನ ಮನೆಯ ಮಾಲೀಕರು, ಯೂಟ್ ಎಂಬ ಹಿಂದೆ ತೆರೆದ ಗಾಡಿ ಓಡಿಸಿಕೊಂಡು ಬಂದು ಹುಲ್ಲು ಕತ್ತರಿಸಿ ಹೋಗುವ, ಇದೇ ದೇಶದ ಮುದುಕ ಕೀವಿ. ಕೇಳಿದ ತಕ್ಷಣ ಯೂಟಿನ ಬಾನೆಟ್ ಮೇಲೆ ಕಾಗದ ಇಟ್ಟು ಬರೆದುಕೊಟ್ಟರು. ನನ್ನ ಜಾತಕ ಕೇಳಲಿಲ್ಲ, ಬುದ್ಧಿ ಹೇಳಲಿಲ್ಲ. ಆದರೆ ಬರೆದದ್ದು, ಆ ಮನುಷ್ಯನನ್ನು ನೋಡಿ ಸ್ವಲ್ಪ ಕಾಲವಾಯಿತು ಎಂದಷ್ಟೇ. ಎಷ್ಟು ಕಾಲ ಎಂದು ಕೇಳಿದರೆ ತಲೆ ಕೆರೆದುಕೊಂಡು, ‘ಎ ಫೇರ್ ವೈಲ್’, ಸಾಕಷ್ಟು ಕಾಲವೇ ಆಯಿತು, ಅಂದರು. ಪಾಪ, ಅವರಿಗೆ ನೆನಪಿದ್ದುದು ಅಷ್ಟೇ.

ಇನ್ನೊಬ್ಬರು ನನ್ನ ಅತ್ತೆ. ಮೈಸೂರಿನಲ್ಲಿ ತಮ್ಮ ಮಗಳ ಜೊತೆ ಇದ್ದಾರೆ, ಮೂವತ್ತು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಪಾಠ ಮಾಡಿದವರು. ಅವರನ್ನು ಕೇಳಬೇಕೆಂದು ನನಗೆ ಕನಸಿನಲ್ಲೂ ಬಂದಿರಲಿಲ್ಲ. ಸ್ವಂತ ಮಗ ಹೆಂಡತಿಯನ್ನು ಬಿಟ್ಟ ಎಂದು ಯಾವ ತಾಯಿ ಬರೆದುಕೊಟ್ಟಾಳು? ಒಂದು ಭಾನುವಾರ ವಿಡಿಯೋ ಕಾಲಿನಲ್ಲಿ ನನ್ನ ಮುಖ ನೋಡಿ ಏನಾಯ್ತೆಂದು ಕೇಳಿದರು, ಅಳು ತಡೆಯದೆ ಹೇಳಿಬಿಟ್ಟೆ. ಅವರು ಕನ್ನಡಕ ಸರಿ ಮಾಡಿಕೊಂಡು, ‘ಅದಕ್ಕೇನಂತೆ, ನಾನು ಬರಿತೀನಿ. ನೋಡಿದ್ದು ಬರಿಯಕ್ಕೆ ಯಾರಪ್ಪನ ಅಪ್ಪಣೆ ಬೇಕು?’ ಅಂದರು. ಇಡೀ ಹ್ಯಾಮಿಲ್ಟನ್ನಿನ ಗಂಡಸರು ಹೆಂಗಸರು ಸೇರಿ ಮಾಡಲಾರದ್ದನ್ನು ಎಪ್ಪತ್ತಾರು ವರ್ಷದ ಹೆಂಗಸು, ಅದೂ ಬಿಟ್ಟುಹೋದವರ ತಾಯಿ, ಒಪ್ಪಿಕೊಂಡರು.

ಮರುದಿನ ಪತ್ರದ ಫೋಟೋ ಬಂತು. ಗೆರೆ ಎಳೆದ ಹಾಳೆ, ದುಂಡಗಿನ ಅಕ್ಷರ. ‘ನನ್ನ ಮಗ ನನ್ನ ಸೊಸೆಯನ್ನೂ ಮೊಮ್ಮಗಳನ್ನೂ ಬಿಟ್ಟು ಬೇರೆ ಊರಿನಲ್ಲಿ ಇದ್ದಾನೆ. ಇದು ನನಗೆ ಕಳೆದ ವರ್ಷದ ಯುಗಾದಿಯ ದಿನ ತಿಳಿಯಿತು. ಆವರೆಗೆ ಅವರಿಬ್ಬರೂ ಅನ್ಯೋನ್ಯವಾಗಿದ್ದಾರೆಂದೇ ನನ್ನ ಸೊಸೆ ಹೇಳುತ್ತಿದ್ದಳು.’

ತಾರೀಕನ್ನು ಇನ್ನೊಮ್ಮೆ ಓದಿದೆ. ಅವರು ಹೋಗಿದ್ದು ಅದಕ್ಕೂ ಒಂದು ವರ್ಷ ಮೊದಲು. ಇಲ್ಲಿನ ತೆರಿಗೆಯ ವರ್ಷ ಮುಗಿಯುವುದೂ ಹೆಚ್ಚುಕಡಿಮೆ ಯುಗಾದಿಯ ಹೊತ್ತಿಗೇ. ಈ ಪತ್ರದ ಪ್ರಕಾರ ಎರಡನೆಯ ವರ್ಷ ಉಳಿಯುತ್ತದೆ, ಇನ್ಶೂರೆನ್ಸೂ ಪೂಜೆಯೂ ಇರುವ ಮೊದಲನೆಯ ವರ್ಷ ಪೂರ್ತಿ ಹೋಗುತ್ತದೆ. ಕೂಡಲೇ ಫೋನ್ ಮಾಡಿದೆ.

‘ಅತ್ತೆ, ದಯವಿಟ್ಟು ಒಂದು ವರ್ಷ ಹಿಂದಕ್ಕೆ ಹಾಕಿ. ಅದೇ ನಿಜವಾದ ತಾರೀಕು.’

‘ಅವನು ಹೋದ ತಾರೀಕು ಅದಿರ್ಬಹುದು ಕಣೆ. ನಂಗೆ ಗೊತ್ತಾದ ತಾರೀಕು ಅದಲ್ವಲ್ಲ. ಯಾವಾಗಿನಿಂದ ಗೊತ್ತು ಅಂತ ತಾನೆ ಅವ್ರು ಕೇಳಿರೋದು?’

‘ಹೌದು, ಆದ್ರೆ...’

‘ಆ ವರ್ಷ ಎಲ್ಲ ನೀನೇನು ಹೇಳಿದ್ದೆ ನಂಗೆ? ಭಾನುವಾರ ಫೋನ್ ಮಾಡಿ ಅವನೆಲ್ಲಿ ಅಂದ್ರೆ, ಸ್ನಾನಕ್ಕೆ ಹೋಗಿದಾರೆ ಅತ್ತೆ, ಅಂತಿದ್ದೆ. ವಾರವಾರ ಸ್ನಾನಕ್ಕೇ ಕಳಿಸ್ತಿದ್ದೆ. ನಾನೂ ನಂಬಿದ್ದೆ. ಮಗು ಬಾಯ್ಬಿಡದೆ ಇದ್ದಿದ್ರೆ ಇವತ್ತಿಗೂ ಸ್ನಾನ ಮಾಡ್ತಾನೇ ಇರ್ತಿದ್ದ.’

ಆ ಯುಗಾದಿಯಂದು ಅಜ್ಜಿ ಬೇವುಬೆಲ್ಲ ತೋರಿಸಿ ಅಪ್ಪನನ್ನು ಕರಿ ಎಂದಾಗ ಮಗಳು, ‘ಹಿ ಡಸಂಟ್ ಲಿವ್ ಹಿಯರ್, ಅಜ್ಜಿ,’ ಎಂದಿದ್ದಳು. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗು. ಅತ್ತೆಗೆ ಅಷ್ಟು ಇಂಗ್ಲಿಷ್ ಸಾಕಾಯಿತು. ಅವತ್ತು ನಾನು ಮಗಳನ್ನು ಬೈದಿದ್ದೆ. ಈಗ ಯೋಚಿಸಿದರೆ, ನಮ್ಮೆಲ್ಲರ ನಡುವೆ ಆ ವರ್ಷ ನಿಜ ಹೇಳಿದ್ದು ಆ ಒಂಬತ್ತು ವರ್ಷದ ಹುಡುಗಿ ಒಬ್ಬಳೇ, ಅವಳ ಸಾಕ್ಷಿ ಯಾರೂ ಕೇಳಲಿಲ್ಲ.

ಪತ್ರವನ್ನು ಇಂಗ್ಲಿಷಿಗೆ ಮಾಡಿಸಿ, ಮೊಹರು ಹಾಕಿಸಿ ಕಳಿಸಿದೆ. ತಾರೀಕು ತಿದ್ದಲಿಲ್ಲ. ಅನುವಾದ ಮಾಡಿದಾಕೆ ಆಕ್ಲೆಂಡಿನ ಏವನ್‌ಡೇಲ್‌ನವಳು, ನನಗೆ ಗುರುತಿಲ್ಲದವಳು. ‘ಅನ್ಯೋನ್ಯ’ ಎಂಬುದಕ್ಕೆ ಏನು ಬರೆಯಲಿ, ಚೆನ್ನಾಗಿದ್ದರು ಅಂತ ಬರೆದರೆ ಸಾಕಾ ಎಂದು ಕೇಳಿದಳು. ಸಾಕು, ಯಾವುದಾದರೇನು ಅಂದೆ.

ಐದು ವಾರದ ಮೇಲೆ ಇಲಾಖೆಯ ಉತ್ತರ ಬಂತು. ಕಾಗದವನ್ನು ಬಹಳ ಮರ್ಯಾದೆಯಿಂದ ಬರೆದಿದ್ದರು. ಎರಡನೆಯ ವರ್ಷ ನಾವು ಬೇರೆ ಇದ್ದೆವೆಂದು ಒಪ್ಪಿದ್ದರು. ಮೊದಲನೆಯ ವರ್ಷ ಮಾತ್ರ, ಗಂಡ ಕಟ್ಟಿದ ಪ್ರೀಮಿಯಂ, ನನ್ನ ಸಹಿ, ಬಾಡಿಗೆಯ ಕರಾರು, ಪೂಜೆ, ಕುಟುಂಬದವರ ತಿಳಿವಳಿಕೆ ಎಲ್ಲವನ್ನೂ ನೋಡಿ ನಾವು ದಂಪತಿಯಾಗಿಯೇ ಬಾಳಿದ್ದೆವೆಂದು ತೀರ್ಮಾನಿಸಿದ್ದರು. ಎಂಟೂವರೆ ಸಾವಿರ ವಾಪಸ್. ಈ ತೀರ್ಮಾನ ಒಪ್ಪಿಗೆಯಾಗದಿದ್ದರೆ ಆಕ್ಷೇಪಿಸಬಹುದು ಎಂದೂ ಇತ್ತು, ಹೊಸ ಸಾಕ್ಷಿ ಬೇಕು ಎಂದು ಅದರ ಕೆಳಗೇ ಇತ್ತು. ಹೊಸ ಸಾಕ್ಷಿಯನ್ನು ನಾನು ಎಲ್ಲಿಂದ ತರಲಿ? ಆಂಟಿಯ ಮನೆಯ ಕುಂಕುಮದ ಬಟ್ಟಲಿನಿಂದಲೇ?

ಲ್ಯಾಬಿನ ಕಾರು ನಿಲ್ಲಿಸುವ ಜಾಗದಲ್ಲಿ ಕೂತು ಆ ಕಾಗದವನ್ನು ಮೂರು ಸಲ ಓದಿದೆ. ಬಚ್ಚಲಿನ ನೆಲದ ಮೇಲೆ ಮಲಗಿದ್ದ ವರ್ಷ ಅದು. ಆಪರೇಷನ್ ಆಗಿ ಟ್ಯಾಕ್ಸಿಯಲ್ಲಿ ಒಬ್ಬಳೇ ಮನೆಗೆ ಬಂದ ವರ್ಷ. ಜ್ವರ ಬಂದ ಮಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ನಾನೇ ಓಡಿಸಿಕೊಂಡು ಹೋದ ವರ್ಷ. ನನ್ನ ಬದುಕಿನಲ್ಲಿ ಗಂಡ ಬೇಕಾಗಿದ್ದ ವರ್ಷವೊಂದಿದ್ದರೆ ಅದು ಅದೇ. ಆ ವರ್ಷ ನನಗೆ ಗಂಡನಿದ್ದ ಎಂದು ಸರ್ಕಾರ ಬರೆದು ಕಳಿಸಿತ್ತು.

ಈಗ ಹದಿನೈದು ದಿನಕ್ಕೊಮ್ಮೆ ನನ್ನ ಖಾತೆಯಿಂದ ಅರವತ್ತು ಡಾಲರು ಹೋಗುತ್ತದೆ, ಐದು ವರ್ಷದ ಮೇಲೂ ಹೋಗುತ್ತಿರುತ್ತದೆ. ಅರ್ಧ ನಾನು ಕೊಡ್ತೀನಿ ಎಂದು ಅವರು ಅಂದರು. ಬೇಡ ಎಂದೆ. ತಗೊಂಡರೆ ಅದನ್ನೂ ಮುಂದಿನ ವರ್ಷ ಯಾರಾದರೂ ದಾಂಪತ್ಯ ಎಂದು ಬರೆದುಕೊಂಡಾರು.

ಆ ಉತ್ತರ ಬಂದ ವಾರದ ಭಾನುವಾರ ಅತ್ತೆ ಏನಾಯಿತೆಂದು ಕೇಳಿದರು. ಅರ್ಧ ಉಳಿಯಿತು, ಅರ್ಧ ಹೋಯಿತು ಅಂದೆ.

‘ನಾನು ಬರೆದಿದ್ರಿಂದ ಹೋಯ್ತಾ?’

ಇಲ್ಲ ಅತ್ತೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ‘ಹೌದು ಅತ್ತೆ’ ಅಂದೆ.

ಅವರು ಫೋನಿನ ಹತ್ತಿರಕ್ಕೆ ಮುಖ ತಂದು, ‘ನಿನ್ನ ಹೊಟ್ಟೆ ಕುಯ್ದ ದಿನ ನಾನು ಇಲ್ಲಿ ಏನೂ ಗೊತ್ತಿಲ್ದೆ ಹೋಳಿಗೆ ಮಾಡ್ಕೊಂಡು ತಿಂದಿದೀನಿ ಕಣೆ’ ಅಂದರು. ‘ನಂಗೆ ಯಾಕೆ ಹೇಳ್ಲಿಲ್ಲ?’